ಅಕ್ಯುರಸಿ 98.7 ಬಂದಿತ್ತು, ಮೋಟಾರ್ ಬೇರೆ ಮಾಡಿದರೆ 91. ಥೀಸಿಸ್‌ನಲ್ಲಿ ಯಾವುದು ಬರೆಯಲಿ?

ಬೋರ್‌ವೆಲ್ ಬೈಟ್ | ಬಾಗಲಕೋಟೆ | ಸೋಮವಾರ ರಾತ್ರಿ 10:40

ನಮಸ್ಕಾರ. ಎಂ.ಟೆಕ್ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ, ಥೀಸಿಸ್ ಬರೆಯುವ ಹೊತ್ತು. ಒಂದು ನಂಬರ್ ನಿದ್ದೆ ಕೆಡಿಸಿದೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮೂರು ಮುಧೋಳದ ಕಡೆ. ಹೊಲದಲ್ಲಿ 5 ಎಚ್‌ಪಿ ಸಬ್‌ಮರ್ಸಿಬಲ್ ಇದೆ. ಹೋದ ಬೇಸಿಗೆಯಲ್ಲಿ ಎರಡು ಸಲ ಕೈಕೊಟ್ಟಿತು. ಪೈಪ್ ಎತ್ತುವ ಗಾಡಿಗೆ ಕಾಯುವುದು, ಮೋಟಾರ್ ಮೇಲೆ ತರುವುದು, ಅಂಗಡಿಗೆ ಹಾಕುವುದು, ಅಷ್ಟರಲ್ಲಿ ಕಬ್ಬಿನ ಗರಿ ಮುದುರಿಕೊಂಡಿರುತ್ತದೆ. "ಕೆಡೋದು ಮೊದಲೇ ಗೊತ್ತಾದರೆ ನೀರು ಬಿಡೋ ಪಾಳಿ ನೋಡಿಕೊಂಡು ಎತ್ತಿಸಬಹುದಿತ್ತು" ಅಂತ ಅಪ್ಪ ಅಂದರು. ಪ್ರಾಜೆಕ್ಟ್ ಶುರುವಾಗಿದ್ದು ಅಲ್ಲಿಂದ.

ಐಡಿಯಾ ಹೊಸದೇನಲ್ಲ. ಮೋಟಾರ್ 400 ಅಡಿ ಕೆಳಗಿರುತ್ತದೆ. ಅದಕ್ಕೆ ವೈಬ್ರೇಶನ್ ಸೆನ್ಸರ್ ಕಟ್ಟಲು ಆಗುವುದಿಲ್ಲ. ಆದರೆ ಅದು ಎಳೆಯುವ ಕರೆಂಟ್ ನೆಲದ ಮೇಲಿರುವ ಸ್ಟಾರ್ಟರ್ ಡಬ್ಬಿಯಲ್ಲೇ ಕೈಗೆ ಸಿಗುತ್ತದೆ. ಒಳಗೆ ಏನಾದರೂ ಕೆಟ್ಟರೆ ಕರೆಂಟಿನ ಅಲೆಯಲ್ಲಿ ಅದರ ಗುರುತು ಮೂಡುತ್ತದೆ. ವೈರನ್ನು ಸುತ್ತುವರಿದು ಕರೆಂಟ್ ಅಳೆಯುವ ಒಂದು ಕ್ಲ್ಯಾಂಪ್, ಇಎಸ್‌ಪಿ32 ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್, ಸೆಕೆಂಡಿಗೆ 2000 ಸ್ಯಾಂಪಲ್. ಒಟ್ಟು 14 ಮೋಟಾರ್ ಅಳೆದೆ. 8 ಚೆನ್ನಾಗಿರುವವು, 6 ಕೆಟ್ಟವು. ಒಂದೊಂದಕ್ಕೆ 5 ನಿಮಿಷ. ಅದನ್ನು 1 ಸೆಕೆಂಡಿನ ತುಂಡು ಮಾಡಿದರೆ 4200 ತುಂಡು. ಎಫ್‌ಎಫ್‌ಟಿ (ಅಲೆಯನ್ನು ಫ್ರೀಕ್ವೆನ್ಸಿಗಳಾಗಿ ಬಿಡಿಸುವ ಲೆಕ್ಕ) ಹಾಕಿ, ರ‍್ಯಾಂಡಮ್ ಫಾರೆಸ್ಟ್ ಅನ್ನುವ ಮಷೀನ್ ಲರ್ನಿಂಗ್ ಮಾಡೆಲ್‌ಗೆ ಕೊಟ್ಟೆ. 80 ಭಾಗ ಕಲಿಯಲು, 20 ಭಾಗ ಪರೀಕ್ಷೆಗೆ. ನೂರಕ್ಕೆ 98.7 ಸರಿ ಬಂತು. ಗೈಡ್ ಖುಷಿಯಾದರು, ಪೇಪರ್ ಕಳಿಸೋಣ ಅಂದರು.

ಆಮೇಲೆ ನನಗೇ ಅನುಮಾನ ಬಂತು. 13 ಮೋಟಾರ್ ಕಲಿಸಿ, ಒಂದನ್ನು ಪೂರ್ತಿ ಹೊರಗಿಟ್ಟು ಕೇಳಿದೆ. ಹೀಗೆ 14 ಸಲ ಮಾಡಿದರೆ 91. ಇದನ್ನು ಗೈಡ್‌ಗೆ ಇನ್ನೂ ಹೇಳಿಲ್ಲ.

ಪ್ರಶ್ನೆ ಇಷ್ಟೇ. ಯಾವ ನಂಬರ್ ಬರೆಯಲಿ?


ಕರದಂಟು ಪ್ರಿಯ | ಗೋಕಾಕ | ಸೋಮವಾರ ರಾತ್ರಿ 10:58

98.7 ಬರೆಯಿರಿ, ಡಿಗ್ರಿ ತಗೊಳ್ಳಿ, ಊಟ ಮಾಡಿ ಮಲಗಿ. ವೈವಾದಲ್ಲಿ ಯಾರೂ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. ಒಂದು, ಬ್ಲಾಕ್ ಡಯಾಗ್ರಾಂ ಎಲ್ಲಿ. ಇನ್ನೊಂದು, ಟೀ ಬಂತಾ.


ಟಿಕೋಟಾ ದ್ರಾಕ್ಷಿ | ವಿಜಯಪುರ | ಸೋಮವಾರ ರಾತ್ರಿ 11:15

14 ಮೋಟಾರ್ ತುಂಬಾ ಕಡಿಮೆ ಅಲ್ವಾ? ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಬೇರಿಂಗ್ ಡೇಟಾ ಉಚಿತವಾಗಿ ಸಿಗುತ್ತದೆ. ಎಲ್ಲರೂ ಅದನ್ನೇ ಬಳಸುತ್ತಾರೆ. ನಾನೂ ಬಿ.ಇ ಪ್ರಾಜೆಕ್ಟ್‌ಗೆ ಬಳಸಿದ್ದೆ, 99.8 ಬಂದಿತ್ತು.


ಹಳೇ ಸ್ಕಾಲರ್ | ಬೆಳಗಾವಿ | ಮಂಗಳವಾರ ಬೆಳಿಗ್ಗೆ 7:20

@ಟಿಕೋಟಾ ದ್ರಾಕ್ಷಿ, ಬೇಜಾರು ಮಾಡ್ಕೋಬೇಡಿ, ಆ 99.8ರಲ್ಲೂ ಇದೇ ರೋಗ ಇದೆ.

ಆ ಡೇಟಾದಲ್ಲಿ ಇರುವುದು 2 ಎಚ್‌ಪಿ ಮೋಟಾರ್. ಬೇರಿಂಗ್‌ಗೆ ಸ್ಪಾರ್ಕ್ ಹಾಕಿ ಬೇಕಂತಲೇ ಕುಳಿ ಮಾಡಿದ್ದಾರೆ, ಒಂದು ಇಂಚಿನ ಸಾವಿರದಲ್ಲಿ 7, 14, 21 ಭಾಗದ ಅಳತೆಗೆ. ಲೋಡ್ 0ಯಿಂದ 3 ಎಚ್‌ಪಿವರೆಗೆ. ಬೇರಿಂಗ್‌ಗಳು ಕೈಬೆರಳಲ್ಲಿ ಎಣಿಸುವಷ್ಟು, ತುಂಡುಗಳು ಸಾವಿರಾರು. ತುಂಡುಗಳನ್ನು ಕಲಸಿ ಹಂಚಿದರೆ ಒಂದೇ ಬೇರಿಂಗಿನ ಸದ್ದು ಕಲಿಕೆಯಲ್ಲೂ ಇರುತ್ತದೆ, ಪರೀಕ್ಷೆಯಲ್ಲೂ ಇರುತ್ತದೆ. ಮಾಡೆಲ್ ದೋಷವನ್ನು ಕಲಿಯಬೇಕಾಗಿಲ್ಲ. ಆ ಬೇರಿಂಗಿನ ಮುಖ ನೆನಪಿಟ್ಟುಕೊಂಡರೆ ಸಾಕು.

@ಬೋರ್‌ವೆಲ್ ಬೈಟ್, ನಿಮ್ಮದೂ ಅದೇ. ನಿಮ್ಮ ಮೂರನೇ ಮೋಟಾರಿನ 17ನೇ ಸೆಕೆಂಡ್ ಕಲಿಕೆಗೆ ಹೋಯಿತು, 18ನೇ ಸೆಕೆಂಡ್ ಪರೀಕ್ಷೆಗೆ ಹೋಯಿತು. ಒಂದು ಸೆಕೆಂಡಿನಲ್ಲಿ ಮೋಟಾರ್ ಏನು ಬದಲಾಗುತ್ತದೆ? ಮಾದರಿ ಪ್ರಶ್ನೆಪತ್ರಿಕೆ ಕೊಟ್ಟು, ಮರುದಿನ ಅದನ್ನೇ ಪರೀಕ್ಷೆಗೆ ಇಟ್ಟ ಹಾಗಾಯಿತು. ನಿಮ್ಮ ಬಳಿ 4200 ಉದಾಹರಣೆ ಇಲ್ಲ. 14 ಇವೆ.

ಇನ್ನೊಂದು ಸಣ್ಣ ಲೆಕ್ಕ. ಏನೂ ನೋಡದೆ "ಎಲ್ಲ ಮೋಟಾರೂ ಚೆನ್ನಾಗಿವೆ" ಅಂತ ಹೇಳುವ ಮಾಡೆಲ್‌ಗೂ 14ರಲ್ಲಿ 8 ಸರಿಯಾಗುತ್ತದೆ. ಅಂದರೆ 57. ಶುರು ಸೊನ್ನೆಯಿಂದಲ್ಲ, ಅಲ್ಲಿಂದ.

91 ಪ್ರಾಮಾಣಿಕವಾದ ನಂಬರ್ ಥರ ಕಾಣುತ್ತದೆ. ಅದನ್ನೇ ಬರೆಯಿರಿ.


ಸ್ಲಿಪ್ ರಿಂಗ್ | ವಿಜಯಪುರ | ಮಂಗಳವಾರ ಮಧ್ಯಾಹ್ನ 1:05

91ನ್ನೂ ನಾನು ನಂಬುವುದಿಲ್ಲ. ನಂಬರ್ ಬಿಡಿ, ನಿಮ್ಮ ಬೋರ್ಡ್‌ಗೆ ದೋಷ ಕಾಣುವ ಸಾಧ್ಯತೆಯಾದರೂ ಇದೆಯಾ ನೋಡೋಣ.

5 ಎಚ್‌ಪಿ ಮೋಟಾರ್ ಅಂದರೆ ಫುಲ್ ಲೋಡ್‌ನಲ್ಲಿ ಸುಮಾರು 7.5 ಆಂಪ್ಸ್. ನಿಮ್ಮ ಕ್ಲ್ಯಾಂಪ್ ಮಾರ್ಕೆಟ್‌ನಲ್ಲಿ ಸಿಗುವ ನೀಲಿ ಬಣ್ಣದ 100 ಆಂಪ್ಸ್‌ನದು ಅಂದುಕೊಳ್ಳುತ್ತೇನೆ. 100 ಆಂಪ್ಸ್‌ಗೆ 50 ಮಿಲಿಆಂಪ್ಸ್ ಕೊಡುತ್ತದೆ. 7.5ಕ್ಕೆ ಸಿಗುವುದು 3.75 ಮಿಲಿಆಂಪ್ಸ್. 33 ಓಮ್ ರೆಸಿಸ್ಟರ್ ಹಾಕಿದ್ದರೆ ಪೀಕ್ ಸುಮಾರು 175 ಮಿಲಿವೋಲ್ಟ್.

ಈಗ ರೋಟರ್ ಬಾರ್ (ತಿರುಗುವ ಭಾಗದೊಳಗಿನ ಲೋಹದ ಸರಳು) ಮುರಿದಿದೆ ಅಂದುಕೊಳ್ಳಿ. ಮೋಟಾರಿನ ಪ್ಲೇಟ್ ಮೇಲೆ 2850 ಆರ್‌ಪಿಎಂ ಅಂತ ಇರುತ್ತದೆ. ಎರಡು ಪೋಲ್, 50 ಹರ್ಟ್ಸ್, ಹಾಗಾಗಿ ಸಿಂಕ್ರೊನಸ್ ವೇಗ, ಅಂದರೆ ಒಳಗಿನ ಕಾಂತಕ್ಷೇತ್ರ ತಿರುಗುವ ವೇಗ, 3000. ರೋಟರ್ ಅದಕ್ಕಿಂತ ಹಿಂದೆ ಬೀಳುವುದೇ ಸ್ಲಿಪ್, ಇಲ್ಲಿ 5 ಪರ್ಸೆಂಟ್. ದೋಷದ ಗುರುತು 50ರ ಎರಡೂ ಪಕ್ಕದಲ್ಲಿ, ಸ್ಲಿಪ್‌ನ ಎರಡರಷ್ಟು ದೂರದಲ್ಲಿ ಏಳುತ್ತದೆ. ಅಂದರೆ 45 ಮತ್ತು 55 ಹರ್ಟ್ಸ್. ಎಷ್ಟು ದೊಡ್ಡದು? 50 ಡೆಸಿಬೆಲ್ ಕೆಳಗೆ ಅಂತ ಹಿಡಿಯಿರಿ, ಅಂದರೆ ಮುನ್ನೂರರಲ್ಲಿ ಒಂದು ಪಾಲು. 175ರಲ್ಲಿ ಅದು ಅರ್ಧ ಮಿಲಿವೋಲ್ಟ್ ಚಿಲ್ಲರೆ. ನಿಮ್ಮ ಬೋರ್ಡಿನ 12 ಬಿಟ್ ಎಡಿಸಿಯ (ವೋಲ್ಟೇಜನ್ನು ಅಂಕಿ ಮಾಡುವ ಭಾಗ) ಒಂದು ಮೆಟ್ಟಿಲೇ ಸುಮಾರು 0.8 ಮಿಲಿವೋಲ್ಟ್!

ಗೋಲಗುಮ್ಮಟದ ಮೇಲೆ ಶಾಲೆ ಟ್ರಿಪ್ಪಿನ ಮಕ್ಕಳು ಕೂಗುತ್ತಿರುವಾಗ ಆಚೆ ಗೋಡೆಯಲ್ಲಿ ಯಾರೋ ಪಿಸುಗುಟ್ಟಿದ್ದನ್ನು ಹಿಡಿಯುವ ಕೆಲಸ ಇದು. ನೀವು ಕಿವಿಗೆ ಹತ್ತಿ ಇಟ್ಟುಕೊಂಡು ಹೋಗಿದ್ದೀರಿ.

ಕಾಣದೇ ಇರುವುದನ್ನು ಕಂಡಿದ್ದೇನೆ ಅಂತ ಮಾಡೆಲ್ ನೂರಕ್ಕೆ 91 ಸಲ ಹೇಳುತ್ತಿದ್ದರೆ, ಅದು ಇನ್ನೇನನ್ನೋ ನೋಡುತ್ತಿದೆ. ಒಂದು ಪ್ರಶ್ನೆ. ಕೆಟ್ಟ 6 ಮೋಟಾರ್‌ಗಳನ್ನು ಅಳೆದಿದ್ದು ಎಲ್ಲಿ?


ಬೋರ್‌ವೆಲ್ ಬೈಟ್ | ಬಾಗಲಕೋಟೆ | ಮಂಗಳವಾರ ಮಧ್ಯಾಹ್ನ 2:30

ಕ್ಲ್ಯಾಂಪ್ ನೀಲಿಯದೇ, ರೆಸಿಸ್ಟರ್ 33 ಓಮ್. ನೀವು ನನ್ನ ಬೆನ್ನ ಹಿಂದೆ ನಿಂತು ನೋಡಿದ ಹಾಗಿದೆ.

ಚೆನ್ನಾಗಿರುವ 8 ಮೋಟಾರ್ ನಮ್ಮೂರ ಸುತ್ತಲಿನ ಹೊಲಗಳಲ್ಲಿ. ಕೆಟ್ಟವು ವೈಂಡಿಂಗ್ ಅಂಗಡಿಯಲ್ಲಿ. ಬೇರೆ ಎಲ್ಲಿ ಸಿಗುತ್ತವೆ ಹೇಳಿ? ಹೊಲದಲ್ಲಿ ಕೆಟ್ಟಿರುವ ಮೋಟಾರನ್ನು ಯಾರೂ ಹಾಗೇ ಓಡಿಸಿಕೊಂಡು ಕೂರುವುದಿಲ್ಲ.

ಮೊದಲ ವಾರದ ಒಂದು ಪೆದ್ದತನವನ್ನೂ ಹೇಳಿಬಿಡುತ್ತೇನೆ. ಚಪ್ಪಟೆ ಕೇಬಲ್ ಇರುತ್ತದಲ್ಲ, ಮೂರು ಎಳೆಯದು, ಅದನ್ನು ಇಡಿಯಾಗಿ ಕ್ಲ್ಯಾಂಪಿನೊಳಗೆ ಹಾಕಿದ್ದೆ. ರೀಡಿಂಗ್ ಸೊನ್ನೆ. ಎರಡು ದಿನ ಕೋಡ್ ತಿದ್ದಿದೆ. ಮೂರು ಫೇಸಿನ ಕರೆಂಟ್ ಕೂಡಿದರೆ ಸೊನ್ನೆಯೇ ಆಗುತ್ತದೆ ಅನ್ನುವುದು ಬಿ.ಇ ಎರಡನೇ ವರ್ಷದ ಪಾಠ.


ಕರದಂಟು ಪ್ರಿಯ | ಗೋಕಾಕ | ಮಂಗಳವಾರ ಮಧ್ಯಾಹ್ನ 2:41

ಕೋಡ್ ಎರಡು ದಿನ ತಿದ್ದಿದ್ದು ಓದಿ ಕಣ್ಣಲ್ಲಿ ನೀರು ಬಂತು. ನಮ್ಮವರೇ.


ಜಮಖಂಡಿ ವೈಂಡರ್ | ಜಮಖಂಡಿ | ಮಂಗಳವಾರ ರಾತ್ರಿ 9:50

ನಾನು ಇಂಜಿನಿಯರ್ ಅಲ್ಲ, ಐಟಿಐ. 20 ವರ್ಷದಿಂದ ವೈಂಡಿಂಗ್ ಮಾಡುತ್ತಿದ್ದೇನೆ. ಮಗ ಈ ಚರ್ಚೆ ತೋರಿಸಿದ. ಎರಡು ಮಾತು ಬರೆಯಬೇಕು ಅನ್ನಿಸಿತು.

ಅಂಗಡಿಯಲ್ಲಿ ನಾವು ಮೋಟಾರ್ ಹೇಗೆ ಓಡಿಸುತ್ತೇವೆ ಗೊತ್ತಾ? ಪಂಪ್ ಬಿಚ್ಚಿಟ್ಟು, ಬರೀ ಮೋಟಾರನ್ನು ನೀರಿನ ಟ್ಯಾಂಕಿನಲ್ಲಿ ಇಳಿಸಿ ಖಾಲಿ ಓಡಿಸುತ್ತೇವೆ. ನೀರು ಎತ್ತುವ ಭಾರ ಅದಕ್ಕೆ ಇರುವುದಿಲ್ಲ. ಹೊಲದಲ್ಲಿ 400 ಅಡಿಯಿಂದ ನೀರು ಎತ್ತುವ ಮೋಟಾರಿಗೂ ಟ್ಯಾಂಕಿನಲ್ಲಿ ಸುಮ್ನೆ ತಿರುಗುವ ಮೋಟಾರಿಗೂ ಕರೆಂಟ್ ಒಂದೇ ಇರುತ್ತದಾ? ಕೆಟ್ಟದ್ದೆಲ್ಲ ಖಾಲಿ, ಚೆನ್ನಾಗಿರುವುದೆಲ್ಲ ಲೋಡ್ ಮೇಲೆ. ಇದನ್ನು ಕಂಡುಹಿಡಿಯಲು ಕಂಪ್ಯೂಟರ್ ಬೇಡ, ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಸಾಕು.

ಇನ್ನೊಂದು. ಇಲ್ಲಿ ಯಾರೋ ಬೇರಿಂಗ್ ಡೇಟಾ ಅಂದರು. ನೀರು ತುಂಬಿದ ಸಬ್‌ಮರ್ಸಿಬಲ್‌ನಲ್ಲಿ ಗುಂಡು ಬೇರಿಂಗ್ ಇರುವುದೇ ಇಲ್ಲ. ಪಕ್ಕಕ್ಕೆ ಬುಷ್, ಕೆಳಗೆ ಭಾರ ಹೊರಲು ಥ್ರಸ್ಟ್ ಬೇರಿಂಗ್, ಅದು ನೀರಿನ ಪದರದ ಮೇಲೇ ಜಾರುತ್ತದೆ. ಮರಳು ಬಂದರೆ ಬುಷ್ ಸವೆಯುತ್ತದೆ, ರೋಟರ್ ಹೋಗಿ ಸ್ಟ್ಯಾಂಪಿಂಗ್‌ಗೆ (ಸುತ್ತಲಿನ ಕಬ್ಬಿಣದ ತಗಡುಗಳಿಗೆ) ಉಜ್ಜುತ್ತದೆ. ಒಳಗೆ ನೋಡಿದರೆ ಒಂದು ಕಡೆ ಕನ್ನಡಿಯ ಹಾಗೆ ಮಿಂಚುತ್ತಿರುತ್ತದೆ.

ಸುಟ್ಟ ಮೋಟಾರ್ ಬಿಚ್ಚಿದಾಗಲೂ ಕಾರಣ ಕಾಣುತ್ತದೆ. ಸ್ಟಾರ್ ಕನೆಕ್ಷನ್ ಮೋಟಾರಿನಲ್ಲಿ ಎರಡು ಫೇಸಿನ ಕಾಯಿಲ್ ಕರಿಕಾಗಿ ಒಂದು ಹೊಸದರ ಹಾಗೆ ಇದ್ದರೆ, ಅದು ಒಂದು ಫೇಸ್ ಹೋದಾಗ ಓಡಿ ಸುಟ್ಟಿದ್ದು. ಡೆಲ್ಟಾ ಆದರೆ ಉಲ್ಟಾ, ಒಂದೇ ಫೇಸ್ ಸುಟ್ಟು ಎರಡು ಉಳಿಯುತ್ತವೆ. ಮೂರೂ ಸಮವಾಗಿ ಕರಿಕಾಗಿದ್ದರೆ ಓವರ್‌ಲೋಡ್ ಅಥವಾ ಕಡಿಮೆ ವೋಲ್ಟೇಜ್. ನಿಮ್ಮ ಡೇಟಾದಲ್ಲಿ "ಕೆಟ್ಟದ್ದು" ಅಂತ ಒಂದೇ ಪದ ಬರೆದಿದ್ದೀರಿ. ಯಾವ ಥರ ಕೆಟ್ಟದ್ದು ಅಂತ ಬರೆದಿಲ್ಲ.


ಸ್ಲಿಪ್ ರಿಂಗ್ | ವಿಜಯಪುರ | ಮಂಗಳವಾರ ರಾತ್ರಿ 10:15

ಮೇಲಿನ ಪೋಸ್ಟ್ ಈ ಚರ್ಚೆಯಲ್ಲೇ ಬೆಸ್ಟ್. ಕೈಮುಗಿದೆ.

ನಾನು ಸುತ್ತಿ ಬಳಸಿ ಕೇಳುತ್ತಿದ್ದುದು ಅದನ್ನೇ. ನೀವು "ನಾನು ಕರೆಂಟಿನ ಗಾತ್ರ ತೆಗೆದುಹಾಕಿದ್ದೇನೆ, ನಾರ್ಮಲೈಸ್ ಮಾಡಿದ್ದೇನೆ" ಅನ್ನಬಹುದು. ಪ್ರಯೋಜನ ಇಲ್ಲ. ಸಪ್ಲೈ ವೋಲ್ಟೇಜಿನಲ್ಲಿ 5ನೇ ಹಾರ್ಮಾನಿಕ್ (50ರ ಐದರಷ್ಟು ಫ್ರೀಕ್ವೆನ್ಸಿಯ ಅಲೆ) ಇದ್ದರೆ ಮೋಟಾರಿನಲ್ಲಿ 250 ಹರ್ಟ್ಸ್ ಕರೆಂಟ್ ಹರಿಯುತ್ತದೆ. ಅದು ಲೋಡ್ ಮೇಲೆ ಹೆಚ್ಚು ನಿಂತಿಲ್ಲ, ಖಾಲಿ ಇದ್ದರೂ ಹೆಚ್ಚುಕಡಿಮೆ ಅಷ್ಟೇ. ಆದರೆ ಖಾಲಿ ಓಡುವಾಗ 50 ಹರ್ಟ್ಸ್ ಕರೆಂಟ್ ಇಳಿಯುತ್ತದೆ. ಹಾಗಾಗಿ ಭಾಗಿಸಿದಾಗ 250ರ ಪಾಲು ಜಾಸ್ತಿ ಕಾಣುತ್ತದೆ. ನಿಮ್ಮ ಮಾಡೆಲ್ ಯಾವ ಫೀಚರ್ (ಯಾವ ಫ್ರೀಕ್ವೆನ್ಸಿ) ಮೇಲೆ ನಿಂತಿದೆ ಅಂತ ತೆಗೆದು ನೋಡಿ. 45, 55 ಮೇಲೆ ಇರುವುದಿಲ್ಲ, ಬೆಟ್.

ಖಾಲಿ ಮೋಟಾರಿನಲ್ಲಿ ಸ್ಲಿಪ್ ಕೂಡ ಸೊನ್ನೆಯ ಹತ್ತಿರ ಇರುತ್ತದೆ. ಗುರುತುಗಳು 50ಕ್ಕೆ ಅಂಟಿಕೊಂಡುಬಿಡುತ್ತವೆ. 1 ಸೆಕೆಂಡಿನ ತುಂಡಿಗೆ ಎಫ್‌ಎಫ್‌ಟಿ 1 ಹರ್ಟ್ಸ್‌ಗಿಂತ ಹತ್ತಿರದ್ದನ್ನು ಬೇರೆ ಮಾಡಿ ತೋರಿಸುವುದಿಲ್ಲ. 10 ಸೆಕೆಂಡ್ ತೆಗೆದುಕೊಂಡರೆ 0.1. ತುಂಡು ಮಾಡಿ ಸಂಖ್ಯೆ ಹೆಚ್ಚಿಸುವ ಆಸೆಯಲ್ಲಿ ನೀವು ಕಣ್ಣನ್ನೇ ಮಂಜು ಮಾಡಿಕೊಂಡಿರಿ.

ಪರೀಕ್ಷೆ ಸುಲಭ. ವೈಂಡರ್ ಸಾಹೇಬರೇ, ಹೊಸದಾಗಿ ಸುತ್ತಿದ ಮೋಟಾರನ್ನು ಕೊಡುವ ಮೊದಲು ಟ್ಯಾಂಕಿನಲ್ಲಿ ಓಡಿಸಿ ನೋಡುತ್ತೀರಿ ಅಲ್ವಾ? ಅದನ್ನು ಅಳೆಯಲಿ. ಮಾಡೆಲ್ ಏನು ಹೇಳುತ್ತದೆ ನೋಡೋಣ.


ಜಮಖಂಡಿ ವೈಂಡರ್ | ಜಮಖಂಡಿ | ಮಂಗಳವಾರ ರಾತ್ರಿ 10:22

ನೋಡದೆ ಯಾರು ಕೊಡುತ್ತಾರೆ? ನೀವು ಹೋಗುವ ಅಂಗಡಿಯವರೂ ಓಡಿಸಿ ನೋಡಿಯೇ ಕೊಡುತ್ತಾರೆ, ಕೇಳಿ. ಗುರುವಾರ ಸಂತೆ ದಿನ ಆದರೆ ಹೋಗಬೇಡಿ, ಬೈಸಿಕೊಳ್ಳುತ್ತೀರಿ.


ಬೋರ್‌ವೆಲ್ ಬೈಟ್ | ಬಾಗಲಕೋಟೆ | ಶುಕ್ರವಾರ ರಾತ್ರಿ 8:30

ಹೋಗಿ ಬಂದೆ.

ಮೂರು ಮೋಟಾರ್ ಸಿಕ್ಕವು. ಮೂರೂ ಹೊಸ ವೈಂಡಿಂಗ್, ಹೊಸ ಬುಷ್. ಮರುದಿನ ಹೊಲಕ್ಕೆ ಹೋಗುವಂಥವು. ಟ್ಯಾಂಕಿನಲ್ಲಿ ಇಳಿಸಿದರು, ನಾನು ಕ್ಲ್ಯಾಂಪ್ ಹಾಕಿದೆ, ಲ್ಯಾಪ್‌ಟಾಪ್ ಒಂದು ಖಾಲಿ ಪೇಂಟ್ ಡಬ್ಬಿಯ ಮೇಲೆ. ಮಾಡೆಲ್ ಓಡಿಸಿದೆ.

ಮೂರೂ "ಕೆಟ್ಟದ್ದು".

ಅಂಗಡಿಯವರು ಸ್ಕ್ರೀನ್ ನೋಡಿದರು, ನನ್ನನ್ನು ನೋಡಿದರು. "ನಮ್ಮ ಅಂಗಡಿ ಹೆಸರು ಕೆಡಿಸಲು ಬಂದಿದ್ದೀಯಾ?" ಅಂದರು. ನಗುತ್ತಲೇ ಅಂದಿದ್ದು. ಆಮೇಲೆ ಚಹಾ ತರಿಸಿದರು.

ರಾತ್ರಿ ರೂಮಿಗೆ ಬಂದು ಫೀಚರ್ ಪಟ್ಟಿ ತೆಗೆದೆ. ಮೊದಲ ಸ್ಥಾನ 250 ಹರ್ಟ್ಸ್. ಎರಡನೆಯದು 350. 45, 55 ಎಲ್ಲೋ ತಳದಲ್ಲಿ. ಸ್ಲಿಪ್ ರಿಂಗ್ ಅವರೇ, ಬೆಟ್ ಗೆದ್ದಿರಿ. ಎಂಟು ತಿಂಗಳು ನಾನು ಕಟ್ಟಿದ್ದು ಮೋಟಾರ್ ಹೊಲದಲ್ಲಿದೆಯೋ ಅಂಗಡಿಯಲ್ಲಿದೆಯೋ ಅಂತ ಹೇಳುವ ಯಂತ್ರ.


ಕರದಂಟು ಪ್ರಿಯ | ಗೋಕಾಕ | ಶುಕ್ರವಾರ ರಾತ್ರಿ 8:36

ಕಳ್ಳತನವಾದ ಮೋಟಾರ್ ಹುಡುಕಲು ಬಳಸಬಹುದು. ಪೇಟೆಂಟ್ ಹಾಕಿ.

ತಮಾಷೆ ಬಿಟ್ಟರೆ, ಸೋಮವಾರ ನಾನು ಬರೆದಿದ್ದನ್ನು ವಾಪಸ್ ತಗೊಳ್ಳುತ್ತೇನೆ. 98.7 ಬರೆಯಬೇಡಿ. ಗೈಡ್‌ಗೆ ಹೇಳಿದಿರಾ?


ಬೋರ್‌ವೆಲ್ ಬೈಟ್ | ಬಾಗಲಕೋಟೆ | ಶನಿವಾರ ಸಂಜೆ 5:10

ಇವತ್ತು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಪೇಪರ್ ಆಗಲೇ ಬರೆದಾಗಿದೆಯಲ್ಲ" ಅಂದರು. ಪೂರ್ತಿ ಕೆಟ್ಟವರು ಅಂತ ಅಂದುಕೊಳ್ಳಬೇಡಿ, ಅವರ ಮೇಲೂ ವರ್ಷಕ್ಕೆ ಇಷ್ಟು ಪೇಪರ್ ಅಂತ ಒತ್ತಡ ಇದೆ. ಎರಡು ತಿಂಗಳು ಉಳಿದಿದೆ, ಹೊಸ ಡೇಟಾ ತಂದರೆ ನೋಡೋಣ ಅಂದಿದ್ದಾರೆ. ಗೇಟ್ ಸ್ಕಾಲರ್‌ಶಿಪ್‌ನ ತಿಂಗಳ 12,400 ಕೂಡ ನನಗೆ ಇಲ್ಲ, ಸ್ಕೋರ್ ಇಲ್ಲದೆ ಸೇರಿದವನು. ಇನ್ನೊಂದು ಸೆಮಿಸ್ಟರ್ ಎಳೆಯುವ ಶಕ್ತಿ ಮನೆಯಲ್ಲಿ ಇಲ್ಲ.

ಈಗ ಏನು ಮಾಡಲಿ? ನಿಜವಾಗಿ ಕೇಳುತ್ತಿದ್ದೇನೆ.


ಮಚ್ಛೆ ಬಸ್ಸು | ಬೆಳಗಾವಿ | ಶನಿವಾರ ಸಂಜೆ 6:00

ಮೊದಲು ಒಂದು ಎಚ್ಚರಿಕೆ. ದುಡ್ಡು ಕೊಟ್ಟರೆ ಮೂರು ದಿನದಲ್ಲಿ ಪ್ರಿಂಟ್ ಮಾಡುವ ಜರ್ನಲ್‌ಗಳ ಇಮೇಲ್ ನಿಮಗೆ ಈಗಾಗಲೇ ಬಂದಿರುತ್ತದೆ. ಆ 98.7ನ್ನು ಅಲ್ಲಿಗೆ ಕಳಿಸಬೇಡಿ. ನಾಳೆ ಪಿಎಚ್‌ಡಿಗೆ ಹೋದರೆ ನಿಮ್ಮ ಹೆಸರು ಹುಡುಕಿದವರಿಗೆ ಮೊದಲು ಸಿಗುವುದು ಅದೇ.

ಪಿಎಚ್‌ಡಿಗೇ ಪೇಪರ್ ಕಡ್ಡಾಯ ಅನ್ನುವುದನ್ನು ಯುಜಿಸಿ 2022ರ ನಿಯಮದಲ್ಲಿ ತೆಗೆದುಹಾಕಿದೆ. ವಿಶ್ವವಿದ್ಯಾಲಯಗಳು ತಮ್ಮದೇ ಷರತ್ತು ಇಟ್ಟುಕೊಳ್ಳಬಹುದು, ಅದು ಬೇರೆ ಮಾತು. ನಿಮ್ಮ ವಿಟಿಯು ರೆಗ್ಯುಲೇಶನ್‌ನ ಪಿಡಿಎಫ್ ತೆಗೆದು ಎಂ.ಟೆಕ್‌ಗೆ ಏನು ಬೇಕು ಅಂತ ನೀವೇ ಓದಿ. ಕಾರಿಡಾರಿನಲ್ಲಿ ಸೀನಿಯರ್ ಹೇಳಿದ್ದನ್ನು ನಂಬಬೇಡಿ.

ಓದಲು ಐಇಇಇ ಪೇಪರ್ ಬೇಕಾದರೆ ಕಾಲೇಜಿನ ಲೈಬ್ರರಿಯಲ್ಲಿ ವಿಟಿಯು ಕನ್ಸಾರ್ಷಿಯಂ ಲಾಗಿನ್ ಕೇಳಿ. ನಮ್ಮಲ್ಲಿ ಎಷ್ಟೋ ಜನ ಎರಡು ವರ್ಷ ಅದನ್ನು ತೆರೆಯದೇ ಪಾಸಾಗಿದ್ದಾರೆ.


ಹಳೇ ಸ್ಕಾಲರ್ | ಬೆಳಗಾವಿ | ಶನಿವಾರ ರಾತ್ರಿ 9:15

91 ಪ್ರಾಮಾಣಿಕ ಅಂತ ಮಂಗಳವಾರ ಬರೆದಿದ್ದೆ. ತಪ್ಪಾಯಿತು. ಮೋಟಾರ್ ಬೇರೆ ಮಾಡಿದರೆ ಸಾಕು ಅಂದುಕೊಂಡಿದ್ದೆ, ಜಾಗವನ್ನು ಮರೆತೆ. ಎಲ್ಲ ಕೆಟ್ಟವೂ ಒಂದೇ ಜಾಗದಲ್ಲಿದ್ದರೆ ಯಾವ ರೀತಿ ಹಂಚಿದರೂ ಈ ತಪ್ಪು ಸಿಕ್ಕಿಬೀಳುವುದಿಲ್ಲ.

ನನ್ನದೇ ಒಂದು ಕಥೆ ಇದೆ. ಪಿಎಚ್‌ಡಿ ಎರಡನೇ ವರ್ಷ. ಸಿಗ್ನಲ್‌ನಲ್ಲಿ ಪ್ರತಿ ಸಂಜೆ ಒಂದು ವಿಚಿತ್ರ ಏರಿಳಿತ. ನಾನು ಅದನ್ನು ಉಷ್ಣತೆಯ ಪರಿಣಾಮ ಅಂತ ನಂಬಿ ಒಂದು ಅಧ್ಯಾಯವನ್ನೇ ಬರೆದೆ. ಕೊನೆಗೆ ನೋಡಿದರೆ ಲ್ಯಾಬಿನ ಪಕ್ಕದ ವರ್ಕ್‌ಶಾಪಿನಲ್ಲಿ ಸಂಜೆ ಬ್ಯಾಚಿನವರು ವೆಲ್ಡಿಂಗ್ ಮಾಡುತ್ತಿದ್ದರು. ಕಂಡುಹಿಡಿದಿದ್ದು ನಾನಲ್ಲ, ಬೀಗ ಹಾಕಲು ಬರುತ್ತಿದ್ದ ಅಟೆಂಡರ್. ಅಧ್ಯಾಯ ಹೋಯಿತು. ಏಳು ತಿಂಗಳೂ ಹೋದವು.

ನಿಮ್ಮ ಬಳಿ ಈಗ ಇರುವುದು ಆ 98.7ಕ್ಕಿಂತ ಗಟ್ಟಿ ಸರಕು. ಒಂದೇ ವಿಧಾನ, ಮೂರು ರೀತಿ ಪರೀಕ್ಷೆ. ತುಂಡು ಕಲಸಿದರೆ 98.7. ಮೋಟಾರ್ ಬೇರ್ಪಡಿಸಿದರೆ 91. ಜಾಗ ಅದಲುಬದಲಾದರೆ ಮೂರಕ್ಕೆ ಮೂರು ತಪ್ಪು. ಇದನ್ನು ಒಂದು ಟೇಬಲ್ ಮಾಡಿ, ಕಾರಣವನ್ನು 250 ಹರ್ಟ್ಸ್‌ನ ಚಿತ್ರದೊಂದಿಗೆ ಇಡಿ. ಅದು ಒಂದು ಪೂರ್ತಿ ಅಧ್ಯಾಯ. ಪರೀಕ್ಷಕರು ಓದಿ ಬಂದವರಾದರೆ ಅದರ ಬಗ್ಗೆಯೇ ಅರ್ಧ ಗಂಟೆ ಮಾತಾಡುತ್ತಾರೆ. ಓದದೇ ಬಂದವರಾದರೆ ಹೇಗೂ ಟೀ ಬಂತಾ ಅಂತ ಕೇಳುತ್ತಾರೆ.


ಸ್ಲಿಪ್ ರಿಂಗ್ | ವಿಜಯಪುರ | ಶನಿವಾರ ರಾತ್ರಿ 10:40

ಒಪ್ಪುತ್ತೇನೆ, ಆದರೆ ಬರೀ "ನಾನು ಎಡವಿದೆ" ಅಂತ ಥೀಸಿಸ್ ಮುಗಿಸಿದರೆ ಅರ್ಧ ಊಟ. ಎರಡು ತಿಂಗಳಲ್ಲಿ ಆಗುವ ಕೆಲಸ ಒಂದಿದೆ.

ನಿಮ್ಮ ಮಷೀನ್ಸ್ ಲ್ಯಾಬಿನಲ್ಲಿ ಡಿಸಿ ಜನರೇಟರ್‌ಗೆ ಜೋಡಿಸಿದ ಇಂಡಕ್ಷನ್ ಮೋಟಾರ್ ಇದ್ದೇ ಇರುತ್ತದೆ. ಹಳೆಯದಾದ, ಹಾಳಾದರೂ ಯಾರೂ ಅಳದ ಒಂದು ಮೋಟಾರ್ ಕೇಳಿ. ನಾಲ್ಕು ಪೋಲ್ ಇರಬಹುದು. 1440 ಆರ್‌ಪಿಎಂ ಅಂದರೆ ಸ್ಲಿಪ್ 4, ಗುರುತು 46 ಮತ್ತು 54ರಲ್ಲಿ. ಲ್ಯಾಂಪ್ ಲೋಡ್ ಹಾಕಿ ಮೂರು ಹಂತದಲ್ಲಿ ಅಳೆಯಿರಿ. ರೋಟರ್ ತೆಗೆಯಿರಿ, ಎಂಡ್ ರಿಂಗ್ (ಬಾರ್‌ಗಳ ತುದಿ ಜೋಡಿಸುವ ಬಳೆ) ಹತ್ತಿರ ಒಂದು ಬಾರ್‌ಗೆ ಡ್ರಿಲ್ ಹಾಕಿ ಕಡಿಯಿರಿ, ಮತ್ತೆ ಜೋಡಿಸಿ, ಮತ್ತೆ ಅಳೆಯಿರಿ. ಆಮೇಲೆ ಎರಡನೇ ಬಾರ್. ಅದೇ ಮೋಟಾರ್, ಅದೇ ಜಾಗ, ಅದೇ ಕ್ಲ್ಯಾಂಪ್, ಅದೇ ಲೋಡ್. ಬದಲಾಗಿದ್ದು ತೂತು ಮಾತ್ರ.

ಅದೂ ಪೂರ್ತಿ ನಿಜವಲ್ಲ! ಬಿಚ್ಚಿ ಜೋಡಿಸಿದಾಗ ಅಲೈನ್‌ಮೆಂಟ್ ಕೂಡ ಬದಲಾಗುತ್ತದೆ. ಹಾಗಾಗಿ ಮೊದಲು ಒಂದು ಸಲ ರೋಟರ್ ಹೊರಗೆ ತೆಗೆದು, ಏನೂ ಮಾಡದೆ ವಾಪಸ್ ಹಾಕಿ ಅಳೆಯಿರಿ. ಇದನ್ನು ಬಿಟ್ಟರೆ ಮತ್ತೆ ಅಂಗಡಿ–ಹೊಲದ ಕಥೆಯೇ ಆಗುತ್ತದೆ.

ಎಡಿಸಿಯ ಸಮಸ್ಯೆಗೆ ದುಡ್ಡು ಖರ್ಚು ಮಾಡಬೇಡಿ. ಒಂದೇ ಫೇಸಿನ ವೈರನ್ನು ಕ್ಲ್ಯಾಂಪಿನೊಳಗೆ ಐದು ಸುತ್ತು ಸುತ್ತಿ. 7.5 ಆಂಪ್ಸ್ ಅದಕ್ಕೆ 37.5ರ ಹಾಗೆ ಕಾಣುತ್ತದೆ. ಅರ್ಧ ಮಿಲಿವೋಲ್ಟ್ ಇದ್ದದ್ದು 2.8 ಆಗುತ್ತದೆ, ಮೂರು ಮೆಟ್ಟಿಲಾದರೂ ಸಿಕ್ಕಿತು. ರೆಸಿಸ್ಟರ್ ಬಿಚ್ಚಿಟ್ಟು ಮಾತ್ರ ಕ್ಲ್ಯಾಂಪ್ ಹಾಕಬೇಡಿ.


ಮಚ್ಛೆ ಬಸ್ಸು | ಬೆಳಗಾವಿ | ಶನಿವಾರ ರಾತ್ರಿ 11:02

@ಸ್ಲಿಪ್ ರಿಂಗ್, ಒಂದು ತಕರಾರು. ಸಿಗ್ನಲ್‌ನಲ್ಲಿ ಸ್ವಲ್ಪ ನಾಯ್ಸ್ ಇದ್ದರೆ, ಉದ್ದದ ರೆಕಾರ್ಡಿಂಗ್‌ನಲ್ಲಿ ಒಂದು ಮೆಟ್ಟಿಲಿಗಿಂತ ಚಿಕ್ಕದೂ ಎಫ್‌ಎಫ್‌ಟಿಯಲ್ಲಿ ಮೇಲೆ ಬರುತ್ತದೆ. "ಕಾಣಲು ಸಾಧ್ಯವೇ ಇಲ್ಲ" ಅನ್ನುವುದು ಜಾಸ್ತಿ ಆಯಿತು.


ಸ್ಲಿಪ್ ರಿಂಗ್ | ವಿಜಯಪುರ | ಶನಿವಾರ ರಾತ್ರಿ 11:09

ಸರಿ, ಒಪ್ಪಿದೆ. ಆದರೆ ಆ ಬೋರ್ಡಿನ ಎಡಿಸಿ ಸೊಟ್ಟಗಿದೆ ಅನ್ನುವುದು ಊರಿಗೇ ಗೊತ್ತು. ಸೊಟ್ಟ ಎಡಿಸಿ ತಾನೇ ಸುಳ್ಳು ಹಾರ್ಮಾನಿಕ್ ಹುಟ್ಟಿಸುತ್ತದೆ. ಐದು ಸುತ್ತು ಸುತ್ತುವುದಕ್ಕೆ ಖರ್ಚು ಇಲ್ಲ, ಸುತ್ತಲಿ ಬಿಡಿ.


ಜಮಖಂಡಿ ವೈಂಡರ್ | ಜಮಖಂಡಿ | ಭಾನುವಾರ ಬೆಳಿಗ್ಗೆ 6:45

ಲ್ಯಾಬಿನ ಮೋಟಾರಿನಲ್ಲಿ ತೂತು ಹಾಕಿ ನೋಡಿದ್ದು ಬೋರ್‌ವೆಲ್‌ಗೆ ಹೇಗೆ ಆಗುತ್ತದೆ? ಅಲ್ಲಿ 415 ವೋಲ್ಟ್ ಸರಿಯಾಗಿ ಬರುತ್ತದೆ. ಹೊಲದಲ್ಲಿ ಲೈನಿನ ಕೊನೆಗೆ 350 ಸಿಕ್ಕರೆ ಪುಣ್ಯ. ತ್ರೀ ಫೇಸ್ ಇಲ್ಲದ ಹೊತ್ತಿನಲ್ಲಿ ಕೆಪಾಸಿಟರ್ ಹಾಕಿ ಓಡಿಸುವವರೂ ಇದ್ದಾರೆ. ಹಾಗೆ ಓಡಿದ ಮೋಟಾರೇ ನಮ್ಮ ಅಂಗಡಿಗೆ ಅನ್ನ ಹಾಕುವುದು.


ಸ್ಲಿಪ್ ರಿಂಗ್ | ವಿಜಯಪುರ | ಭಾನುವಾರ ಬೆಳಿಗ್ಗೆ 8:20

ಸರಿಯಾದ ಪೆಟ್ಟು. ವೋಲ್ಟೇಜ್ ಇಳಿದರೆ ಸ್ಲಿಪ್ ಏರುತ್ತದೆ, ಹೆಚ್ಚುಕಡಿಮೆ ವೋಲ್ಟೇಜಿನ ವರ್ಗಕ್ಕೆ ಉಲ್ಟಾ. 415ರಲ್ಲಿ 5 ಇದ್ದದ್ದು 350ರಲ್ಲಿ ಸುಮಾರು 7. ಗುರುತು 45, 55ರಿಂದ 43, 57ಕ್ಕೆ ಓಡಿಹೋಗುತ್ತದೆ. 45ರಲ್ಲೇ ಕಣ್ಣಿಟ್ಟು ಕೂತ ಪ್ರೋಗ್ರಾಂಗೆ ಏನೂ ಕಾಣುವುದಿಲ್ಲ. ಆದ್ದರಿಂದ ವೋಲ್ಟೇಜ್ ಕೂಡ ಅಳೆಯಬೇಕು, ಪ್ರತಿ ಸಲ ಎಲ್ಲಿ ಹುಡುಕಬೇಕು ಅಂತ ಲೆಕ್ಕ ಹಾಕಬೇಕು. ಲ್ಯಾಬಿನಲ್ಲಿ ವೇರಿಯಾಕ್ (ವೋಲ್ಟೇಜ್ ಏರಿಳಿಸುವ ಸಾಧನ) ಇದ್ದರೆ ಇದನ್ನೂ ಮಾಡಿ ನೋಡಬಹುದು. ಕೆಪಾಸಿಟರ್ ಹಾಕಿ ಓಡಿಸಿದಾಗ ಮೂರು ಫೇಸ್ ಸಮ ಇರುವುದಿಲ್ಲ, ಅದರ ಲೆಕ್ಕವೇ ಬೇರೆ. ಅಂಥ ರೀಡಿಂಗ್ ಬಂದರೆ ಸದ್ಯ ಬದಿಗಿಡಿ.


ಟಿಕೋಟಾ ದ್ರಾಕ್ಷಿ | ವಿಜಯಪುರ | ಭಾನುವಾರ ಬೆಳಿಗ್ಗೆ 9:05

ನನ್ನ 99.8ರ ಬಗ್ಗೆ ಎರಡು ದಿನ ಸಿಟ್ಟಿತ್ತು. ನಿನ್ನೆ ಹಳೇ ಕೋಡ್ ತೆಗೆದು ನೋಡಿದೆ. ಕಲಸಿಯೇ ಹಂಚಿದ್ದೆ. ಆಯ್ತು.

ನಮ್ಮ ತೋಟದಲ್ಲಿ ನಾಲ್ಕು ಬೋರ್ ಇವೆ. ಒಂದು ಮೋಟಾರ್ ಒಂದು ತಿಂಗಳಿಂದ ಗುಂಯ್ ಅನ್ನುತ್ತಿದೆ, ನೀರೂ ಕಡಿಮೆ. ಚಾಟ್ನಿ (ಬಳ್ಳಿ ಕತ್ತರಿಸುವ ಕೆಲಸ) ಮುಗಿಯುವ ತನಕ ಓಡಲಿ, ಆಮೇಲೆ ಎತ್ತಿಸೋಣ ಅಂತ ಅಪ್ಪ ಬಿಟ್ಟಿದ್ದಾರೆ. ಅಂದರೆ ಇನ್ನೂ ಕೆಳಗೇ ಇದೆ, ಲೋಡ್ ಮೇಲೇ ಓಡುತ್ತಿದೆ. ನಿಮಗೆ ಬೇಕಾಗಿದ್ದು ಇದೇ ಅಲ್ವಾ? ಮೊದಲು ಅಳೆಯಿರಿ, ಎತ್ತಿದ ಮೇಲೆ ಬಿಚ್ಚಿ ಏನಾಗಿತ್ತು ನೋಡಿ.

ಈ ವಾರ ನಮಗೆ ತ್ರೀ ಫೇಸ್ ರಾತ್ರಿ ಪಾಳಿ. ಹಗಲು ಬಂದರೆ ಪ್ರಯೋಜನ ಇಲ್ಲ.


ಬೋರ್‌ವೆಲ್ ಬೈಟ್ | ಬಾಗಲಕೋಟೆ | ಭಾನುವಾರ ಮಧ್ಯಾಹ್ನ 12:30

ಬರುತ್ತೇನೆ! ಬುಧವಾರ ಸಂಜೆ ಬಸ್ಸಿಗೆ. ಇಡೀ ರಾತ್ರಿ ರೆಕಾರ್ಡ್ ಮಾಡುತ್ತೇನೆ, ನಾಲ್ಕೂ ಬೋರ್, 10 ಸೆಕೆಂಡಿನ ತುಂಡು, ಐದು ಸುತ್ತು, ಜೊತೆಗೆ ವೋಲ್ಟೇಜ್.

ಲ್ಯಾಬಿನಲ್ಲಿ ಒಂದು ಹಳೇ 3 ಎಚ್‌ಪಿ ಮೋಟಾರ್ ಸಿಕ್ಕಿದೆ. ಡ್ರಿಲ್ ಹಾಕುತ್ತೇನೆ ಅಂದಿದ್ದಕ್ಕೆ ಲ್ಯಾಬ್ ಇನ್‌ಸ್ಟ್ರಕ್ಟರ್ "ಲಿಖಿತವಾಗಿ ಬರೆದುಕೊಡು" ಅಂದರು. ಬರೆದುಕೊಟ್ಟೆ. ಹಳೇ ಸ್ಕಾಲರ್ ಹೇಳಿದ ಟೇಬಲ್ ನಾಲ್ಕನೇ ಅಧ್ಯಾಯ ಆಗುತ್ತದೆ. ಗೈಡ್‌ಗೆ ತೋರಿಸಿದೆ. ಪೇಪರ್ ಕಳಿಸುವುದು ಸದ್ಯಕ್ಕೆ ನಿಂತಿದೆ.

ವೈಂಡರ್ ಸಾಹೇಬರೇ, ಟಿಕೋಟಾದ ಮೋಟಾರ್ ಎತ್ತಿದ ದಿನ ಬಿಚ್ಚುವಾಗ ನೀವು ವಿಡಿಯೊ ಕಾಲ್‌ನಲ್ಲಿ ಇರಬಹುದಾ? ಬುಷ್ ಸವೆದಿದೆಯೋ ರೋಟರ್ ಹೋಗಿದೆಯೋ ಅಂತ ನನಗೆ ಗೊತ್ತಾಗುವುದಿಲ್ಲ.


ಜಮಖಂಡಿ ವೈಂಡರ್ | ಜಮಖಂಡಿ | ಭಾನುವಾರ ಮಧ್ಯಾಹ್ನ 1:10

ವಿಡಿಯೊದಲ್ಲಿ ಬುಷ್ ಸವೆದದ್ದು ಕಾಣುವುದಿಲ್ಲ, ಶಾಫ್ಟ್ ಹಿಡಿದು ಅಲ್ಲಾಡಿಸಿ ನೋಡಬೇಕು. ಮೋಟಾರ್ ನನ್ನ ಹತ್ತಿರ ತನ್ನಿ.

ಸುತ್ತು ಹಾಕುವ ಮೊದಲು ಮೇನ್ ತೆಗೆಯಿರಿ, ಸ್ಟಾರ್ಟರ್ ಆಫ್ ಮಾಡಿದರೆ ಸಾಲದು. ಫ್ಯೂಸ್ ಕೈಯಲ್ಲಿ ಇಟ್ಟುಕೊಂಡೇ ಡಬ್ಬಿಗೆ ಕೈ ಹಾಕಿ. ರಾತ್ರಿ ತೋಟದಲ್ಲಿ ಕಾಲಡಿ ಒದ್ದೆ ಇರುತ್ತದೆ.


ಟಿಕೋಟಾ ದ್ರಾಕ್ಷಿ | ವಿಜಯಪುರ | ಭಾನುವಾರ ಮಧ್ಯಾಹ್ನ 1:25

ನಾಯಿ ಕಟ್ಟಿಹಾಕಿರುತ್ತೇನೆ. ಊಟಕ್ಕೆ ಕಟಕ್ ರೊಟ್ಟಿ, ಶೇಂಗಾ ಹಿಂಡಿ. ಟಾರ್ಚ್ ಮಾತ್ರ ನೀವೇ ತನ್ನಿ, ನಮ್ಮದು ಕೆಟ್ಟಿದೆ.